ಎದೆನೋವನ್ನು ‘ಗ್ಯಾಸ್’ ಎನ್ನುವ ಮೊದಲು

ರಾತ್ರಿ ಎರಡು ಗಂಟೆ. ಮನೆಯ ಹಿರಿಯರು ಹಾಸಿಗೆಯಲ್ಲಿ ಎದ್ದು ಕೂತಿದ್ದಾರೆ. ಎದೆಯ ನಡುವೆ ಕಲ್ಲು ಹೇರಿಟ್ಟಂತೆ ಭಾರ. ಹಣೆಯ ಮೇಲೆ ತಣ್ಣನೆಯ ಬೆವರು. ಎಚ್ಚರಗೊಂಡ ಮಗ “ಏನಾತು ಅಬ್ಬಾ?” ಎಂದು ಕೇಳುತ್ತಾನೆ. “ಏನಿಲ್ಲ, ಗ್ಯಾಸ್ ಆಗೇತಿ. ನೀ ಮಲಗು” ಎಂಬ ಉತ್ತರ ಬರುತ್ತದೆ. ಅಮ್ಮಿ ಅಜವಾನ ಹುಡುಕುತ್ತಾರೆ. ಒಬ್ಬರು ಸೋಡಾ ಕುಡಿಸುತ್ತಾರೆ, ಇನ್ನೊಬ್ಬರು ಬೆನ್ನು ತಿಕ್ಕುತ್ತಾರೆ. ಬೆಳಗಾಗಲಿ, ಡಾಕ್ಟರ ಹತ್ತಿರ ಹೋಗೋಣ ಎಂದು ಮಾತಾಗುತ್ತದೆ. ಫಜ್ರ್ ಅಝಾನ್ ಕೇಳುವ ಹೊತ್ತಿಗೆ ಮೂರು ತಾಸು ಕಳೆದಿರುತ್ತವೆ.

ಈ ಮೂರು ತಾಸು ಎಂಥ ಬೆಲೆಯುಳ್ಳದ್ದು ಎಂಬುದೇ ಈ ತಿಂಗಳ ಪಾಠ. ಹೃದಯಾಘಾತಕ್ಕೆ ಇಂದು ಒಳ್ಳೆಯ ಚಿಕಿತ್ಸೆ ಇದೆ. ಆದರೆ ಆ ಚಿಕಿತ್ಸೆ ಫಲಿಸುವುದು ಸಮಯದ ಮೇಲೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿರುವ ನಮಗೆ ದೊಡ್ಡ ಹೃದ್ರೋಗ ಆಸ್ಪತ್ರೆಗಳು ದೂರ. ದಾರಿಯಲ್ಲಿ ಕಳೆಯುವ ಹೊತ್ತನ್ನು ನಾವು ತೀರಾ ಕಡಿಮೆ ಮಾಡಲಾರೆವು. ‘ಗ್ಯಾಸ್’ ಎಂದು ಮನೆಯಲ್ಲೇ ಕಳೆಯುವ ಹೊತ್ತನ್ನು ಮಾತ್ರ ಪೂರ್ತಿ ಉಳಿಸಬಹುದು.

ಹೃದಯ ಮಾಡುವ ಕೆಲಸ

ನಿಮ್ಮ ಮುಷ್ಟಿಯಷ್ಟು ದೊಡ್ಡದಾದ ಈ ಮಾಂಸದ ತುಂಡು ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ನಾವು ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮೈತುಂಬ ತಳ್ಳುತ್ತದೆ. ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ, ಶುದ್ಧವಾಗಿ ಎಡಭಾಗಕ್ಕೆ ಮರಳುತ್ತದೆ ಎಂಬುದನ್ನು 13ನೆಯ ಶತಮಾನದಲ್ಲೇ ಬರೆದಿಟ್ಟವರು ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅನ್ನಫೀಸ್.

ಮೈಗೆಲ್ಲ ರಕ್ತ ಕೊಡುವ ಹೃದಯಕ್ಕೂ ರಕ್ತ ಬೇಕು. ಅದನ್ನು ಒದಗಿಸಲು ಅದರ ಮೇಲ್ಮೈಯಲ್ಲೇ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂಡುತ್ತ ಹೋಗುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚಿಕೊಳ್ಳುತ್ತದೆ. ಇದೇ ಹೃದಯಾಘಾತ. ಹೊಲಕ್ಕೆ ನೀರು ಬರುವ ಕಾಲುವೆಗೆ ಮಣ್ಣು ಕುಸಿದಂತೆ. ಮಣ್ಣು ಬೇಗ ತೆಗೆದರೆ ಪೈರು ಉಳಿಯುತ್ತದೆ, ತಡವಾದರೆ ಒಣಗಿದ್ದು ಮತ್ತೆ ಚಿಗುರದು. ನಾಳ ಮುಚ್ಚಿದ ಅರ್ಧ ತಾಸಿನೊಳಗೇ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಆದ್ದರಿಂದಲೇ ವೈದ್ಯರು ಮೊದಲ ಒಂದು ತಾಸನ್ನು ಬಂಗಾರದ ತಾಸು ಎನ್ನುತ್ತಾರೆ.

ಗುರುತಿಸುವುದು ಹೇಗೆ?

ಸಿನೆಮಾದಲ್ಲಿ ತೋರಿಸುವಂತೆ ಎಲ್ಲರೂ ಎದೆ ಹಿಡಿದು ಕುಸಿದು ಬೀಳುವುದಿಲ್ಲ. ಬಹಳ ಸಲ ಅದು ನೋವೇ ಅಲ್ಲ, ಒತ್ತಡ. ಈ ಲಕ್ಷಣಗಳನ್ನು ಮನೆಯ ಎಲ್ಲರೂ ತಿಳಿದಿರಬೇಕು:

- ಎದೆಯ ನಡುವೆ ಭಾರ, ಹಿಂಡಿದಂತೆ, ಬಿಗಿದಂತೆ ಅಥವಾ ಉರಿದಂತೆ ಆಗುವುದು. ಕೆಲವು ನಿಮಿಷ ಕಳೆದರೂ ಕಡಿಮೆಯಾಗದಿರುವುದು, ಇಲ್ಲವೇ ಹೋಗಿ ಮತ್ತೆ ಬರುವುದು.
- ನೋವು ಎಡಗೈ, ಎರಡೂ ತೋಳು, ಭುಜ, ಕುತ್ತಿಗೆ, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಿಯುವುದು.
- ಕಾರಣವಿಲ್ಲದೆ ತಣ್ಣನೆಯ ಬೆವರು.
- ಉಸಿರು ಸಾಲದಂತಾಗುವುದು.
- ವಾಕರಿಕೆ, ವಾಂತಿ, ತಲೆ ಸುತ್ತು, ಕಣ್ಣು ಕತ್ತಲೆ.

ಹಾಗಾದರೆ ಗ್ಯಾಸ್ ಯಾವುದು, ಹೃದಯ ಯಾವುದು? ಮನೆಯಲ್ಲಿ ಕೂತು ಖಚಿತವಾಗಿ ಹೇಳಲು ಯಾರಿಗೂ ಆಗದು, ವೈದ್ಯರಿಗೂ ಆಗದು. ತೇಗು ಬಂದು ಸ್ವಲ್ಪ ಹಗುರವಾಯಿತು ಎಂಬುದು ಸಾಕ್ಷಿಯಲ್ಲ. ಹೃದಯಾಘಾತದಲ್ಲೂ ತೇಗು ಬರುತ್ತದೆ, ಹೊಟ್ಟೆ ಉಬ್ಬಿದಂತೆ ಅನಿಸುತ್ತದೆ. ಅದನ್ನು ಹೇಳುವುದು ಇಸಿಜಿ ಮತ್ತು ರಕ್ತದ ಟ್ರೋಪೋನಿನ್ ಪರೀಕ್ಷೆ. ಮೊದಲ ಇಸಿಜಿ ಸರಿ ಬಂದರೂ ನೋವು ಉಳಿದಿದ್ದರೆ ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ತೆಗೆಯುತ್ತಾರೆ. “ನಾರ್ಮಲ್ ಐತಿ” ಎಂದು ಅವಸರದಲ್ಲಿ ಮನೆಗೆ ಕರೆತರಬೇಡಿ. ಪರೀಕ್ಷೆಯ ನಂತರ ಅದು ಗ್ಯಾಸೇ ಎಂದು ತಿಳಿದರೆ ನಾಚಿಕೆಪಡುವಂಥದ್ದೇನೂ ಇಲ್ಲ. ಅಲ್‌ಹಮ್ದುಲಿಲ್ಲಾಹ್ ಎಂದು ಹಿಂದಿರುಗಿ ಬನ್ನಿ.

ಅಮ್ಮಿಯ ಸುಸ್ತು, ಸಕ್ಕರೆ ಕಾಯಿಲೆಯವರ ಮೌನ

ಸಕ್ಕರೆ ಕಾಯಿಲೆ ಇರುವವರಲ್ಲಿ ನರಗಳು ಮಂದವಾಗಿರುವುದರಿಂದ ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು. ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಲಕ್ಷಣಗಳು ಮರೆಯಾಗಿ ಬರುವುದುಂಟು. ಎಂದೂ ಇಲ್ಲದ ಸುಸ್ತು, ನಾಲ್ಕು ಹೆಜ್ಜೆಗೇ ಏದುಸಿರು, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ಇಷ್ಟೇ ಇರಬಹುದು.

ನಮ್ಮ ಮನೆಗಳಲ್ಲಿ ಇನ್ನೊಂದು ಕಷ್ಟ ಇದೆ. ಅಮ್ಮಿ ತಮ್ಮ ನೋವನ್ನು ಹೇಳುವುದೇ ಇಲ್ಲ. ಎಲ್ಲರಿಗೂ ಊಟ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಮೂಲೆಯಲ್ಲಿ ಮಲಗುತ್ತಾರೆ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇರುತ್ತಾರೋ ಇಲ್ಲವೋ ಎಂಬ ಸಂಕೋಚವೂ ಸೇರುತ್ತದೆ. ಇಸಿಜಿಯನ್ನು ಪರದೆಯ ಹಿಂದೆ ನರ್ಸಮ್ಮನವರೇ ತೆಗೆಯಬಹುದು, ಹಾಗೆಂದು ಕೇಳಿಕೊಳ್ಳಿ. ಆದರೆ ಅದಕ್ಕಾಗಿ ಕಾಯುತ್ತ ಹೊತ್ತು ಕಳೆಯಬೇಡಿ. ಪ್ರಾಣಾಪಾಯದ ಹೊತ್ತಿನಲ್ಲಿ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ದೀನ್‌ನಲ್ಲಿ ಅವಕಾಶವಿದೆ. ಅಮ್ಮಿ “ಯಾಕೋ ಮೈಯಾಗ ಶಕ್ತಿನೇ ಇಲ್ಲ” ಎಂದರೆ ಅದನ್ನು ಕೆಲಸದ ದಣಿವು ಎಂದು ತಳ್ಳಿಹಾಕಬೇಡಿ.

ಮೊದಲೇ ಬರುವ ಸೂಚನೆಗಳು

ಹಲವರಿಗೆ ಹೃದಯ ಮುಂಚಿತವಾಗಿಯೇ ಸೂಚನೆ ಕೊಡುತ್ತದೆ. ಮೆಟ್ಟಿಲು ಹತ್ತುವಾಗ, ಭಾರ ಹೊರುವಾಗ, ಮಸೀದಿಗೆ ಬಿರುಸಾಗಿ ನಡೆಯುವಾಗ ಎದೆ ಬಿಗಿದು, ನಿಂತರೆ ಐದು ನಿಮಿಷದಲ್ಲಿ ಸರಿಹೋದರೆ ಅದು ನಾಳ ಕಿರಿದಾಗಿರುವ ಗುರುತಾಗಿರಬಹುದು. ಅದೇ ವಾರದಲ್ಲಿ ವೈದ್ಯರಿಗೆ ತೋರಿಸಿ. ಕೂತಿದ್ದಾಗಲೂ ಬರತೊಡಗಿದರೆ ಅಂದೇ ಹೋಗಿ.

ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಬೇಕಾಗುವುದು, ಸಂಜೆಗೆ ಕಾಲು ಬಾತುಕೊಳ್ಳುವುದು, ಕೆಲವೇ ದಿನಗಳಲ್ಲಿ ತೂಕ ಏರುವುದು ಹೃದಯದ ಶಕ್ತಿ ಕುಂದಿರುವ ಲಕ್ಷಣಗಳಾಗಿರಬಹುದು.

ಮಕ್ಕಳ ವಿಷಯದಲ್ಲೂ ಎಚ್ಚರ ಬೇಕು. ಗಂಟಲು ನೋವು ಬಂದುಹೋದ ಕೆಲವು ವಾರಗಳಲ್ಲಿ ಮಗುವಿಗೆ ಜ್ವರ, ಮೊಣಕಾಲು ಮತ್ತು ಇತರ ಕೀಲುಗಳ ಊತ ಕಾಣಿಸಿದರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಅದು ಹೃದಯದ ಕವಾಟಗಳನ್ನು ಕೆಡಿಸುತ್ತದೆ. ವೈದ್ಯರು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ ಮಗು ಚೆನ್ನಾಗಿದೆ ಎಂದು ನಿಲ್ಲಿಸಬೇಡಿ. ಹಾಲು ಕುಡಿಯುವಾಗ ಬೆವರುವ, ತುಟಿ ನೀಲಿಯಾಗುವ ಕೂಸನ್ನು ಕೂಡಲೇ ತೋರಿಸಿ.

ಆ ಹೊತ್ತಿನಲ್ಲಿ ಏನು ಮಾಡಬೇಕು?

1. ರೋಗಿಯನ್ನು ನಡೆಸಬೇಡಿ. ಗೋಡೆಗೆ ಒರಗಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ. ಸುತ್ತ ಜನ ಮುತ್ತದಂತೆ ನೋಡಿ.

2. ಕೂಡಲೇ 108ಕ್ಕೆ ಕರೆ ಮಾಡಿ. “ಎದೆನೋವು, ಬೆವರುತ್ತಿದ್ದಾರೆ” ಎಂದು ಹೇಳಿ, ಊರು, ಓಣಿ, ಹತ್ತಿರದ ಮಸೀದಿ ಅಥವಾ ಶಾಲೆಯ ಗುರುತು ತಿಳಿಸಿ. ಆಂಬುಲೆನ್ಸ್ ತಡವಾಗುವುದಾದರೆ ಕಾರು, ಆಟೋ ಯಾವುದು ಸಿಕ್ಕರೂ ಹೊರಡಿ. ರೋಗಿಗೆ ತಾನೇ ಗಾಡಿ ಓಡಿಸಲು ಬಿಡಬೇಡಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದು ಅಪಾಯ, ದಾರಿಯಲ್ಲಿ ಎಚ್ಚರ ತಪ್ಪಿದರೆ ಏನೂ ಮಾಡಲಾಗದು.

3. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರಿಗೆ ವೈದ್ಯರು ಅಥವಾ 108ರವರು ಹೇಳಿದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ನಾಲಿಗೆ ಕೆಳಗಿಡುವ ಗುಳಿಗೆಯನ್ನು ಪಕ್ಕದ ಮನೆಯವರಿಂದ ತಂದು ಕೊಡಬೇಡಿ. ಅದರಿಂದ ಬಿಪಿ ತೀರಾ ಇಳಿಯಬಹುದು.

4. ಮೊದಲು ಇಸಿಜಿ, ಆಮೇಲೆ ದೂರದ ಪ್ರಯಾಣ. ಇದು ನಮ್ಮ ಭಾಗದವರು ಮುಖ್ಯವಾಗಿ ನೆನಪಿಡಬೇಕಾದ ಮಾತು. ಬಂಕಾಪುರದವರು, ಅಕ್ಕಿಆಲೂರಿನವರು, ಹಂಸಭಾವಿಯವರು ಎಲ್ಲರೂ “ಸೀದಾ ಹುಬ್ಬಳ್ಳಿಗೇ ಹೋಗೋಣ”, “ದಾವಣಗೆರೆಗೇ ಹೋಗೋಣ” ಎಂದು ಹೊರಡುವುದು ಸಹಜ. ಹೆದ್ದಾರಿಯ ಬದಿಯ ಶಿಗ್ಗಾಂವಿಯಿಂದಲೇ ಹುಬ್ಬಳ್ಳಿ ತಲುಪಲು ಸುಮಾರು ಒಂದು ತಾಸು ಬೇಕು. ಹಿರೇಕೆರೂರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಹೆಚ್ಚು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯಲು ಹತ್ತು ನಿಮಿಷ ಸಾಕು. ಅಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಕ್ಕರೆ ಮುಚ್ಚಿದ ನಾಳ ದಾರಿಯಲ್ಲೇ ತೆರೆಯಲು ಶುರುವಾಗುತ್ತದೆ. ನಂತರ ಆಂಜಿಯೋಗ್ರಾಮ್‌ಗಾಗಿ ದೊಡ್ಡ ಆಸ್ಪತ್ರೆಗೆ ಹೋಗಬಹುದು. ಈ ಇಂಜೆಕ್ಷನ್ ಸಾಮಾನ್ಯವಾಗಿ ನೋವು ಶುರುವಾದ 12 ತಾಸಿನೊಳಗೆ ಕೊಡುವಂಥದ್ದು. ಎಷ್ಟು ಬೇಗವೋ ಅಷ್ಟು ಲಾಭ. ಆದ್ದರಿಂದ ನೋವು ಶುರುವಾದ ಗಂಟೆಯನ್ನು ಗುರುತಿಟ್ಟು ವೈದ್ಯರಿಗೆ ಹೇಳಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೆಲ್ಲ ಬೆಚ್ಚಿಬಿದ್ದಿತು. ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಇದರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತ ಎಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ, ರಾತ್ರಿ ಇಸಿಜಿ ತೆಗೆಯುವವರು ಇರುತ್ತಾರೆಯೇ ಎಂಬುದನ್ನು ಆರಾಮಾಗಿರುವ ದಿನದಲ್ಲೇ ಹೋಗಿ ಕೇಳಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಕೇಳುವ ಪ್ರಶ್ನೆ ಅದಲ್ಲ.

5. ಎಚ್ಚರ ತಪ್ಪಿ ಉಸಿರು ನಿಂತರೆ ಅಥವಾ ಏದುಸಿರು ಬಿಡುತ್ತ ಬಿದ್ದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ, ಸುಮಾರು 5 ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಬಾಯಿಗೆ ನೀರು ಹಾಕಬೇಡಿ. ‘ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ’ ಎಂದು ವಾಟ್ಸಾಪ್‌ನಲ್ಲಿ ಬರುವ ಸಂದೇಶವನ್ನು ನಂಬಬೇಡಿ.

ತವಕ್ಕುಲ್ ಮತ್ತು ಚಿಕಿತ್ಸೆ

“ಎಲ್ಲ ಅಲ್ಲಾಹನ ಇಚ್ಛೆ, ಡಾಕ್ಟರು ಏನು ಮಾಡ್ತಾರೆ?” ಎನ್ನುವವರು ಒಂದು ಘಟನೆಯನ್ನು ನೆನೆಯಬೇಕು. ಸಅದ್ ಬಿನ್ ಅಬೀ ವಕ್ಕಾಸ್(ರ)ರು ಕಾಯಿಲೆ ಬಿದ್ದಾಗ ಪ್ರವಾದಿ ಮುಹಮ್ಮದ್(ಸ)ರು ನೋಡಲು ಬಂದರು. ಅವರ ಎದೆಯ ಮೇಲೆ ಕೈಯಿಟ್ಟು ಇದು ಹೃದಯದ ಬೇನೆ ಎಂದು ತಿಳಿಸಿದರು. ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾರ ಬಳಿಗೆ ಹೋಗುವಂತೆ ಹೇಳಿದರು. ಅಬೂ ದಾವೂದ್ ಹದೀಸ್ ಗ್ರಂಥದಲ್ಲಿ ಈ ವರದಿ ಇದೆ. ಪ್ರವಾದಿವರ್ಯರೇ(ಸ) ಪಕ್ಕದಲ್ಲಿದ್ದಾಗಲೂ ವೈದ್ಯರ ದಾರಿ ತೋರಿಸಲಾಯಿತು ಎಂದ ಮೇಲೆ ನಾವು ಹಿಂಜರಿಯುವುದೇಕೆ? ದುಆ ಮಾಡಿ, ಜೊತೆಗೇ 108ಕ್ಕೆ ಕರೆ ಮಾಡಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಹೃದಯವನ್ನು ಕಾಯುವ ದಿನಚರಿ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ, ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಕೋವಿಡ್ ಲಸಿಕೆ ಇದಕ್ಕೆ ಕಾರಣವೆಂದು ಕಾಣಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಹಳೆಯ ಕಾರಣಗಳತ್ತಲೇ ಬೆರಳು ತೋರಿತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವೂ ಇದನ್ನೇ ಹೇಳಿತ್ತು. ಹೃದಯಾಘಾತದ ಬಹುಪಾಲು ಅಪಾಯ ನಾವು ಬದಲಿಸಬಹುದಾದ ಒಂಬತ್ತು ಸಂಗತಿಗಳಿಂದ ಬರುತ್ತದೆ. ಅಂದರೆ ಹೆದರಿ ಒಂದು ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಎಚ್ಚರ ವಹಿಸುವುದು ಮೇಲು.

ತಂಬಾಕು: ಬೀಡಿ, ಸಿಗರೇಟು, ಗುಟ್ಕಾ ಎಲ್ಲವೂ ರಕ್ತನಾಳದ ವೈರಿಗಳು. ಸವಣೂರಿನ ಎಲೆಗೆ ದೊಡ್ಡ ಹೆಸರಿದೆ. ಆದರೆ ಅದರ ಜೊತೆ ಸೇರುವ ತಂಬಾಕು ಹೃದಯಕ್ಕೂ ಬಾಯಿಗೂ ಕೇಡು. ಅಡಿಕೆಯೂ ಒಳ್ಳೆಯದಲ್ಲ. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಊಟ: ಹೊಟ್ಟೆಯ ಮೂರನೆಯ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ಗೊತ್ತು, ಮದುವೆಯ ದಸ್ತರಖಾನ್ ಮುಂದೆ ಮಾತ್ರ ಮರೆತುಹೋಗುತ್ತದೆ. ಬಿರಿಯಾನಿಯನ್ನು ಹಬ್ಬಕ್ಕೆ ಇಡಿ, ವಾರಕ್ಕೆ ಮೂರು ಸಲ ಬೇಡ. ಬಕ್ರೀದ್‌ನ ಮಾಂಸದಲ್ಲಿ ಕೊಬ್ಬನ್ನು ತೆಗೆದು, ಪಲ್ಯ, ಸೌತೆಕಾಯಿಯ ಜೊತೆ ಅಳತೆಯಲ್ಲಿ ತಿನ್ನಿ. ಒಂದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿದ ಮಿರ್ಚಿ ಭಜಿ, ಸಮೋಸ, ಅಂಗಡಿಯ ಖಾರಾ ದಿನದ ತಿಂಡಿಯಾಗಬಾರದು. ನಮ್ಮ ಜೋಳದ ರೊಟ್ಟಿ, ಹೆಸರುಕಾಳು, ಮೆಂತ್ಯ ಪಲ್ಯ, ಅಗಸಿ ಚಟ್ನಿ ಹೃದಯಕ್ಕೆ ಹಿತ, ಜೇಬಿಗೂ ಹಿತ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೂ ಇದರಲ್ಲೇ ಲೆಕ್ಕ.

ನಡಿಗೆ: ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು. ಫಜ್ರ್ ನಮಾಝ್ ಮುಗಿಸಿ ಅರ್ಧ ತಾಸು ನಡೆದರೆ ಐದು ದಿನಕ್ಕೆ ಅಷ್ಟಾಯಿತು. ಹೆಂಗಸರು ಇಬ್ಬರು ಮೂವರು ಸೇರಿ ನಡೆಯಿರಿ, ಆಗದಿದ್ದರೆ ಮನೆಯ ಅಂಗಳ, ಮಾಳಿಗೆಯಲ್ಲೇ ನಡೆಯಿರಿ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಿ.

ಪರೀಕ್ಷೆ ಮತ್ತು ಗುಳಿಗೆ: 30 ದಾಟಿದವರೆಲ್ಲ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದಾಗ ಬಾಗಿಲಲ್ಲೇ ವಾಪಸು ಕಳಿಸಬೇಡಿ. ಬಿಪಿ ನೋಡಿಸುವ ಮೊದಲು ಐದು ನಿಮಿಷ ಕೂತು ಸುಧಾರಿಸಿಕೊಳ್ಳಿ, ಅರ್ಧ ತಾಸು ಮೊದಲು ಚಹಾ, ಬೀಡಿ ಬೇಡ. ಅಳತೆ 140/90 ಅಥವಾ ಮೇಲೆ ಮತ್ತೆ ಮತ್ತೆ ಬಂದರೆ ಚಿಕಿತ್ಸೆ ಬೇಕು. “ಬಿಪಿ ನಾರ್ಮಲ್ ಬಂತು, ಗುಳಿಗೆ ಬಿಟ್ಟೆ” ಎನ್ನುವುದು ನಮ್ಮಲ್ಲಿ ದಿನವೂ ಕೇಳುವ ಮಾತು. ಗುಳಿಗೆ ತಗೊಂಡಿದ್ದರಿಂದಲೇ ನಾರ್ಮಲ್ ಬಂದಿದೆ. ಸ್ಟೆಂಟ್ ಹಾಕಿಸಿಕೊಂಡವರಂತೂ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ರಮಝಾನ್: ಹೃದ್ರೋಗ ಇರುವವರು ತಿಂಗಳು ಮೊದಲೇ ವೈದ್ಯರ ಬಳಿ ಹೋಗಿ ಉಪವಾಸ ಹಿಡಿಯಬಹುದೇ, ಗುಳಿಗೆಯನ್ನು ಸಹರಿ ಮತ್ತು ಇಫ್ತಾರ್‌ಗೆ ಹೇಗೆ ಹೊಂದಿಸಬೇಕು ಎಂದು ಕೇಳಿ. ರೋಗಿಗಳಿಗೆ ಕುರ್‌ಆನ್ (2:184, 185) ರಿಯಾಯಿತಿ ಕೊಟ್ಟಿದೆ. ಅಲ್ಲಾಹನು ಕೊಟ್ಟ ರಿಯಾಯಿತಿ ಪಡೆಯುವುದು ಈಮಾನಿನ ಕೊರತೆಯಲ್ಲ. ಉಪವಾಸದ ನಡುವೆ ಎದೆನೋವು ಬಂದರೆ ಮಗ್ರಿಬ್‌ವರೆಗೆ ಕಾಯಬೇಡಿ.

ಈ ಜುಮಾದೊಳಗೆ ಮಾಡಿ ಮುಗಿಸಿ

- 108 ಮತ್ತು ಕಾರು ಅಥವಾ ಆಟೋ ಇರುವ ಇಬ್ಬರು ನೆರೆಯವರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಮಸೀದಿಯ ಬೋರ್ಡಿನಲ್ಲೂ ಹಾಕಿಸಿ.
- ಹಿರಿಯರ ಗುಳಿಗೆ ಚೀಟಿ, ಹಳೆಯ ಇಸಿಜಿ, ಆಧಾರ್, ರೇಷನ್ ಕಾರ್ಡಿನ ಪ್ರತಿಗಳನ್ನು ಒಂದೇ ಚೀಲದಲ್ಲಿಡಿ. ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಆದರೆ ಕಾರ್ಡ್ ಹುಡುಕುತ್ತ ರೋಗಿಯನ್ನು ಮನೆಯಲ್ಲಿ ಕೂರಿಸಬೇಡಿ. ಅದನ್ನು ಹಿಂದಿನಿಂದ ಯಾರಾದರೂ ತರಬಹುದು.
- ಅಬ್ಬಾ, ಅಮ್ಮಿ ಇಬ್ಬರ ಬಿಪಿ, ಸಕ್ಕರೆ ನೋಡಿಸಿ ಬರೆದಿಡಿ.
- ಮನೆಯ ಮಕ್ಕಳಿಗೂ ಈ ಲಕ್ಷಣಗಳನ್ನು ಓದಿ ಹೇಳಿ. ರಾತ್ರಿ ಮೊದಲು ಎಚ್ಚರಗೊಳ್ಳುವವರು ಅವರೇ ಇರಬಹುದು.

ಇನ್ನು ಮುಂದೆ ಮನೆಯಲ್ಲಿ ಯಾರಾದರೂ ಎದೆ ಒತ್ತಿಕೊಂಡು “ಗ್ಯಾಸ್ ಆಗೇತಿ” ಎಂದರೆ, “ಆಗಿರಬಹುದು, ಆದರ ಇಸಿಜಿ ಮಾಡಿಸಿ ಬರೂಣ, ಏಳ್ರಿ” ಎಂದು ಹೇಳಿ. ಅವರು ಸಿಟ್ಟಾದರೂ ಪರವಾಗಿಲ್ಲ, ಗಾಡಿ ಹೊರಡಿಸಿ. ಅಲ್ಲಾಹನು ನಮ್ಮೆಲ್ಲರ ಮನೆಯ ಹಿರಿಯರಿಗೆ ಆಫಿಯತ್ ದಯಪಾಲಿಸಲಿ, ಆಮೀನ್.